ಎರಡು ಸಾವಿರ ಪಾಯಿಂಟ್ ಅಂದರೆ ಎರಡು ಸಾವಿರ ರೂಪಾಯಿ ಅಲ್ಲ

ಮುಂಬೈಯ ಘಾಟ್‌ಕೋಪರ್‌ನಲ್ಲಿ ನಮ್ಮ ಭಾವನ ಹೋಟೆಲ್ ಇದೆ. ಹೋದ ವರ್ಷ ಒಂದು ಸಂಜೆ ಫೋನ್ ಮಾಡಿ, "ಹೊಸ ಕ್ರೆಡಿಟ್ ಕಾರ್ಡ್‌ನವರು 2,000 ಪಾಯಿಂಟ್ ಹಾಕಿದ್ದಾರೆ ಮಾರಾಯ, ನಿನ್ನ ಅಕ್ಕನಿಗೆ ಒಂದು ಮಿಕ್ಸಿ ಬರ್ತದಲ್ಲ?" ಎಂದು ಕೇಳಿದರು. ನಾನು ಆ ಕಾರ್ಡ್‌ನ ಷರತ್ತು ತೆಗೆದು ನೋಡಿದೆ. ನಾಲ್ಕು ಪಾಯಿಂಟ್‌ಗೆ ಒಂದು ರೂಪಾಯಿ. ಅಂದರೆ ಬಂದದ್ದು 500 ರೂಪಾಯಿ. ಕಾರ್ಡ್ ತೆಗೆಯುವಾಗ ಜಾಯ್ನಿಂಗ್ ಫೀ 500, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 590 ಕಟ್ಟಿದ್ದರು. ಪಾಯಿಂಟನ್ನು ವೋಚರ್ ಮಾಡಿಸಿಕೊಳ್ಳಲು ಇನ್ನೊಂದು 99 ರೂಪಾಯಿ, ಅದಕ್ಕೂ ಜಿಎಸ್‌ಟಿ. ಎಲ್ಲ ಕೂಡಿಸಿದರೆ ಹತ್ತಿರ ಹತ್ತಿರ 707 ರೂಪಾಯಿ ಕೊಟ್ಟು 500ರ ವೋಚರ್ ಕೊಂಡ ಹಾಗಾಯಿತು. ಇದನ್ನು ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ತವೆಯ ಸದ್ದು ಮಾತ್ರ ಕೇಳಿಸುತ್ತಿತ್ತು.

ಹಾಗಂತ ಹೊಸ ಕಾರ್ಡ್‌ಗೆ ಕೊಡುವ ಬೋನಸ್ ಎಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಡೊಂಬಿವಲಿಯ ನಮ್ಮ ಸಣ್ಣ ಮನೆಯ ಖರ್ಚಿನಲ್ಲೇ ನಾನು ವರ್ಷಕ್ಕೆ ಐದಾರು ಸಾವಿರ ವಾಪಸ್ ತೆಗೆಯುತ್ತೇನೆ. ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗಿ ಬರುವ ಖರ್ಚು ಬಹುಪಾಲು ಅದರಲ್ಲೇ ಮುಗಿಯುತ್ತದೆ. ಅಮೆರಿಕದಲ್ಲಿರುವ ನೆಂಟರು ಒಂದೇ ಕಾರ್ಡ್‌ನ ಬೋನಸ್‌ನಲ್ಲಿ ವಿಮಾನ ಟಿಕೆಟ್ ತೆಗೆದೆವು ಎನ್ನುತ್ತಾರಲ್ಲ, ಅದನ್ನು ಇಲ್ಲಿ ಹುಡುಕಬೇಡಿ. ನಮ್ಮಲ್ಲಿ ಸಾಮಾನ್ಯ ಕಾರ್ಡ್‌ಗಳ ಬೋನಸ್ ಹೆಚ್ಚಾಗಿ ಕೆಲವು ನೂರರಿಂದ ಒಂದೆರಡು ಸಾವಿರ ರೂಪಾಯಿ. ಹೇಗಿದ್ದರೂ ಆಗುವ ಖರ್ಚನ್ನು ಸರಿಯಾದ ಕಾರ್ಡ್‌ನಲ್ಲಿ, ಸರಿಯಾದ ತಿಂಗಳಲ್ಲಿ ಮಾಡಿದರೆ ಸಿಗುವ ಚಿಲ್ಲರೆ ಇದು. ಆದರೆ ಚಿಲ್ಲರೆಯನ್ನೂ ಬಿಡುವವರಲ್ಲ ನಾವು, ಅಲ್ವಾ?

ಶುರು ಮಾಡುವ ಮೊದಲು ಒಂದು ಪ್ರಶ್ನೆ

ಪ್ರತಿ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುತ್ತೀರಾ? ಇಲ್ಲ ಅಂದರೆ ಮುಂದೆ ಓದುವ ಅಗತ್ಯವಿಲ್ಲ, ಮೊದಲು ಹಳೆ ಬಾಕಿ ತೀರಿಸಿ. ಸುಮ್ನೆ ಹೆದರಿಸುವುದಕ್ಕೆ ಹೇಳುತ್ತಿಲ್ಲ, ಲೆಕ್ಕವೇ ನೋಡಿ. ಹೆಚ್ಚಿನ ಕಾರ್ಡ್‌ಗಳಲ್ಲಿ ಬಡ್ಡಿ ತಿಂಗಳಿಗೆ 3.5%ರಿಂದ 3.75%, ವರ್ಷಕ್ಕೆ 42%ರಿಂದ 45%. 24,200 ರೂಪಾಯಿ ಬಾಕಿ ಒಂದು ತಿಂಗಳು ಉಳಿದರೆ 3.75%ರ ಲೆಕ್ಕದಲ್ಲಿ ಬಡ್ಡಿ ಸುಮಾರು 907, ಅದರ ಮೇಲೆ ಜಿಎಸ್‌ಟಿ 163, ಒಟ್ಟು 1,070. ಅಷ್ಟೇ ಖರ್ಚಿಗೆ ಒಳ್ಳೆಯ ಕಾರ್ಡ್‌ಗಳು ತಿಂಗಳಿಗೆ ಕೊಡುವುದು ನಾನೂರು ಚಿಲ್ಲರೆ.

ಬಿಲ್ಲಿನಲ್ಲಿ 'ಮಿನಿಮಮ್ ಡ್ಯೂ' ಎಂದು ಒಂದು ಸಣ್ಣ ಮೊತ್ತ ಇರುತ್ತದೆ, ಸಾಮಾನ್ಯವಾಗಿ ಬಿಲ್ಲಿನ 5%ದ ಆಸುಪಾಸು. ಅದನ್ನು ಕಟ್ಟಿದರೆ ಲೇಟ್ ಫೀ ಬರುವುದಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಬಾಕಿ ಉಳಿಸಿಕೊಂಡಾಗ ಮಾಡುವ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಶುರು. ಹಾಗಾಗಿ ಸಂಬಳ ಬರುವ ಖಾತೆಯಿಂದ ಆಟೊ ಡೆಬಿಟ್ ಹಾಕಿ, ಅದರಲ್ಲಿ 'ಟೋಟಲ್ ಡ್ಯೂ' ಆರಿಸಿದ್ದೀರಾ ಎಂದು ಎರಡು ಸಲ ನೋಡಿ. ಇನ್ನೊಂದು ಮಾತು, ಕ್ರೆಡಿಟ್ ಕಾರ್ಡ್‌ನಿಂದ ಎಟಿಎಂನಲ್ಲಿ ದುಡ್ಡು ತೆಗೆಯಬೇಡಿ. ಪಾಯಿಂಟ್ ಇಲ್ಲ, ತೆಗೆದ ದಿನದಿಂದ ಬಡ್ಡಿ, ಮೇಲೆ ಶುಲ್ಕ ಬೇರೆ.

ಮೂರು ತಿಂಗಳ ಖರ್ಚು ಬರೆಯಿರಿ

ಕಾರ್ಡ್ ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳುವವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ, ನಿಮ್ಮ ಖರ್ಚು ಎಲ್ಲಿ ಹೋಗುತ್ತದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಯುಪಿಐ ಹಿಸ್ಟರಿ ತೆಗೆದು ಮೂರು ತಿಂಗಳದ್ದು ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಮನೆಯದ್ದು ತಿಂಗಳಿಗೆ ಹೀಗಿದೆ: ಕಿರಾಣಿ 9,000, ಆನ್‌ಲೈನ್ ಖರೀದಿ 6,000, ಸ್ಕೂಟರ್ ಮತ್ತು ಕಾರಿನ ಪೆಟ್ರೋಲ್ 3,000, ಹೊರಗೆ ತಿನ್ನುವುದು 2,500, ಕರೆಂಟ್ 2,200, ಮೊಬೈಲ್ ಮತ್ತು ಇಂಟರ್ನೆಟ್ 1,500. ಒಟ್ಟು 24,200. ಮನೆ ಬಾಡಿಗೆ ಬೇರೆ, ಅದು ಮಾಲೀಕರ ಖಾತೆಗೆ ನೇರ ಹೋಗುತ್ತದೆ.

ಈಗ ಇದರಲ್ಲಿ ಪಾಯಿಂಟ್ ಬಾರದ್ದನ್ನು ಹೊಡೆದು ಹಾಕಬೇಕು. ಪೆಟ್ರೋಲ್‌ಗೆ ಹೆಚ್ಚಿನ ಕಾರ್ಡ್‌ಗಳು ಪಾಯಿಂಟ್ ಕೊಡುವುದಿಲ್ಲ, 1% ಸರ್‌ಚಾರ್ಜ್ ಮನ್ನಾ ಮಾಡುತ್ತವೆ ಅಷ್ಟೇ, ಅದೂ ಒಂದು ಮಿತಿಯೊಳಗಿನ ಬಿಲ್ಲಿಗೆ. ಕರೆಂಟ್ ಬಿಲ್, ವಿಮೆ ಕಂತು, ಸರ್ಕಾರಿ ಶುಲ್ಕ, ವ್ಯಾಲೆಟ್‌ಗೆ ದುಡ್ಡು ಹಾಕುವುದು, ಇಎಂಐ ಖರೀದಿ, ಇವುಗಳಲ್ಲಿ ಒಂದಲ್ಲ ಒಂದು ಬಹುತೇಕ ಎಲ್ಲ ಕಾರ್ಡ್‌ಗಳ ಹೊರಗಿಟ್ಟ ಪಟ್ಟಿಯಲ್ಲಿ ಇರುತ್ತದೆ. ಬಾಡಿಗೆಯನ್ನು ಕಾರ್ಡ್‌ನಲ್ಲಿ ಕಟ್ಟಿ ಪಾಯಿಂಟ್ ಗುಡ್ಡೆ ಹಾಕುವ ಕಾಲ ಒಂದಿತ್ತು. ಆಮೇಲೆ ಬ್ಯಾಂಕುಗಳು ಅದಕ್ಕೆ 1% ಶುಲ್ಕ ಹಾಕಿ, ಪಾಯಿಂಟನ್ನೂ ನಿಲ್ಲಿಸಿದವು. ಆ ದಾರಿ ಬಿಟ್ಟುಬಿಡಿ.

ಪೆಟ್ರೋಲ್, ಕರೆಂಟ್ ಬಿಟ್ಟರೆ ನಮಗೆ ಉಳಿದದ್ದು 19,000. ಆನ್‌ಲೈನ್ 6,000ಕ್ಕೆ 5% ಸಿಕ್ಕರೆ 300, ಉಳಿದ 13,000ಕ್ಕೆ 1% ಸಿಕ್ಕರೆ 130. ತಿಂಗಳಿಗೆ 430, ವರ್ಷಕ್ಕೆ 5,160. ನಿಮ್ಮ ಮನೆಗೆ ಕಾರ್ಡ್‌ನಿಂದ ಬರಬಹುದಾದ ದೊಡ್ಡ ಮೊತ್ತ ಹೆಚ್ಚು ಕಡಿಮೆ ಹೀಗೇ ಸಿಗುತ್ತದೆ. ವರ್ಷಕ್ಕೆ ಐದು ಸಾವಿರ ಫೀ ಇರುವ ಹೊಳೆಯುವ ಕಾರ್ಡ್‌ನ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ಈ ಹಾಳೆ ತೆಗೆದು ನೋಡಿ.

ಕಾರ್ಡ್ ಆರಿಸುವುದು

ನನ್ನ ಅಭಿಪ್ರಾಯದಲ್ಲಿ ಸಾಮಾನ್ಯ ಸಂಸಾರಕ್ಕೆ ಎರಡು ಕಾರ್ಡ್ ಸಾಕು. ಒಂದು, ನೀವು ಜಾಸ್ತಿ ಖರೀದಿ ಮಾಡುವ ಆನ್‌ಲೈನ್ ಅಂಗಡಿಗೆ ಅಥವಾ ಎಲ್ಲ ಆನ್‌ಲೈನ್ ಖರೀದಿಗೆ ಒಳ್ಳೆಯ ಕ್ಯಾಶ್‌ಬ್ಯಾಕ್ ಕೊಡುವುದು. ಇನ್ನೊಂದು, ರುಪೇ ಕ್ರೆಡಿಟ್ ಕಾರ್ಡ್. ರುಪೇ ಕಾರ್ಡನ್ನು 2022ರಿಂದ ಯುಪಿಐಗೆ ಜೋಡಿಸಬಹುದು. ಮುಂಬೈಯಲ್ಲಿ ನಮ್ಮ ದಿನದ ಖರ್ಚೆಲ್ಲ ಕ್ಯೂಆರ್ ಸ್ಕ್ಯಾನ್ ಮಾಡಿಯೇ ಹೋಗುವುದರಿಂದ ಇದು ಬಹಳ ಉಪಯೋಗದ್ದು. ಆದರೆ ಅಂಗಡಿಯವರ ಕ್ಯೂಆರ್ ವ್ಯಾಪಾರದ ಖಾತೆಯದ್ದಾಗಿರಬೇಕು. ಸ್ಟೇಷನ್ ಹೊರಗೆ ಸೊಪ್ಪು ಮಾರುವ ಅಜ್ಜಿ ಮಗನ ಸ್ವಂತ ಖಾತೆಯ ಕ್ಯೂಆರ್ ಇಟ್ಟಿದ್ದರೆ ಕ್ರೆಡಿಟ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಭಾವನಿಗೆ ಮೊದಲು ಇದರ ಮೇಲೆ ಸಿಟ್ಟಿತ್ತು, ಕಾರ್ಡ್ ಅಂದರೆ ತನ್ನ ಕೈಯಿಂದ ಕಮಿಷನ್ ಹೋಗುತ್ತದೆ ಎಂದು. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ರುಪೇ ಯುಪಿಐ ಪಾವತಿಗೆ ಆ ಶುಲ್ಕ ಇಲ್ಲ ಎಂದು ಗೊತ್ತಾದ ಮೇಲೆ ಸುಮ್ಮನಾದರು.

ಷರತ್ತು ಓದುವಾಗ ಮೂರು ಕಡೆ ಕಣ್ಣಿಡಿ. ಒಂದು ಪಾಯಿಂಟ್‌ಗೆ ಎಷ್ಟು ಪೈಸೆ? ಕೆಲವು ಕಾರ್ಡ್‌ಗಳಲ್ಲಿ 20-25 ಪೈಸೆ, ದುಬಾರಿ ಕಾರ್ಡ್‌ಗಳಲ್ಲಿ ಒಂದು ರೂಪಾಯಿವರೆಗೂ ಇರುತ್ತದೆ. ತಿಂಗಳಿಗೆ ಮೇಲ್ಮಿತಿ ಎಷ್ಟು? "5% ಕ್ಯಾಶ್‌ಬ್ಯಾಕ್" ಎಂದು ದೊಡ್ಡ ಅಕ್ಷರ, ಕೆಳಗೆ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಅದರ ಮಿತಿ. ಆಮೇಲೆ ಪಾಯಿಂಟ್ ಎಷ್ಟು ರೂಪಾಯಿಗೆ ಎಂದು. ಪ್ರತಿ 150 ರೂಪಾಯಿಗೆ ಇಷ್ಟು ಪಾಯಿಂಟ್ ಎಂದಿದ್ದರೆ, ಮಾತುಂಗಾದಲ್ಲಿ ಇಡ್ಲಿ ಕಾಫಿಗೆ 140 ಕೊಟ್ಟದ್ದಕ್ಕೆ ಸೊನ್ನೆ.

"ಲೈಫ್‌ಟೈಮ್ ಫ್ರೀ" ಎಂಬ ಮಾತನ್ನು ಬಾಯಿಮಾತಿನಲ್ಲಿ ನಂಬಬೇಡಿ. ಮಾಲ್‌ನಲ್ಲಿ ಸ್ಟೂಲ್ ಹಾಕಿ ಕೂತ ಹುಡುಗ ನನಗೂ ಹಾಗೇ ಹೇಳಿದ್ದ. ಎರಡನೇ ವರ್ಷ 1,180 ರೂಪಾಯಿ ಬಿಲ್ ಬಂತು, ಅಂದರೆ ಫ್ರೀ ಇದ್ದದ್ದು ಮೊದಲ ವರ್ಷ ಮಾತ್ರ. ಆ ಹುಡುಗನನ್ನು ಬೈದು ಏನೂ ಪ್ರಯೋಜನವಿಲ್ಲ, ಅವನಿಗೆ ದಿನಕ್ಕೆ ಇಷ್ಟು ಫಾರ್ಮ್ ಆಗಬೇಕು ಪಾಪ. ಅರ್ಜಿ ಹಾಕುವಾಗ ಬರುವ ಶುಲ್ಕದ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ.

ಸಂಬಳದ ಚೀಟಿ ಇಲ್ಲದವರಿಗೆ, ಅಂದರೆ ಹೋಟೆಲ್ ಕೆಲಸದವರು, ಮನೆಯಲ್ಲಿರುವ ಹೆಂಗಸರು, ನಿವೃತ್ತರಿಗೆ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತೆಗೆಯುವ ದಾರಿ ಇದೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಮೊದಲ ಕಾರ್ಡ್‌ಗೆ ಇದು ಒಳ್ಳೆಯದು.

ಬೋನಸ್‌ಗೆ ದಿನ ನೋಡುವುದು

ಮುಹೂರ್ತ ನೋಡುವ ಹಾಗೆ ಇದಕ್ಕೂ ದಿನ ನೋಡಬೇಕು. ಬೋನಸ್‌ನ ಷರತ್ತು ಸಾಮಾನ್ಯವಾಗಿ ಇಷ್ಟೇ: ಕಾರ್ಡ್ ಬಂದ 30, 60 ಅಥವಾ 90 ದಿನದೊಳಗೆ ಇಷ್ಟು ಖರ್ಚು ಮಾಡಬೇಕು. ಆ ಖರ್ಚಿಗಾಗಿ ಬೇಡದ್ದನ್ನು ಕೊಂಡರೆ ಕಥೆ ಮುಗಿಯಿತು. ಅದಕ್ಕೆ ಬದಲು, ದೊಡ್ಡ ಖರ್ಚು ಹೇಗಿದ್ದರೂ ಬರುವ ತಿಂಗಳಿಗೆ ಮೂರು ವಾರ ಮೊದಲು ಅರ್ಜಿ ಹಾಕಿ.

ನಮ್ಮಂಥವರಿಗೆ ಅಂಥ ತಿಂಗಳು ಯಾವುವು? ಜೂನ್, ಮಕ್ಕಳ ಶಾಲೆ, ಪುಸ್ತಕ, ರೇನ್‌ಕೋಟ್, ಚಪ್ಪಲಿ. ಚೌತಿಗೆ ಊರಿಗೆ ಹೋಗುವ ಟಿಕೆಟ್. ರೈಲ್ವೆ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮೊದಲಷ್ಟೇ ತೆರೆಯುತ್ತದೆ, ಹಾಗಾಗಿ ಆ ಖರ್ಚು ಯಾವ ವಾರ ಬರುತ್ತದೆ ಎಂದು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಹಾಕಬಹುದು. ಆಮೇಲೆ ದೀಪಾವಳಿ. ಮನೆಗೆ ಫ್ರಿಜ್ಜೋ ವಾಷಿಂಗ್ ಮಷೀನೋ ತೆಗೆಯುವುದಿದ್ದರೆ ಹೊಸ ಕಾರ್ಡ್ ಕೈಗೆ ಬಂದ ಮೇಲೆ ತೆಗೆಯಿರಿ. ಶಾಲೆಯ ಫೀಯನ್ನು ಬೇರೆ ಆ್ಯಪ್‌ಗಳ ಮೂಲಕ ಕಾರ್ಡ್‌ನಲ್ಲಿ ಕಟ್ಟಿದರೆ ಹಲವು ಬ್ಯಾಂಕುಗಳು 1% ಶುಲ್ಕ ಹಾಕುತ್ತವೆ. ಶಾಲೆಯ ಸ್ವಂತ ವೆಬ್‌ಸೈಟಿನಲ್ಲಿ ಅಥವಾ ಆಫೀಸಿನ ಮಷೀನಿನಲ್ಲಿ ಕಟ್ಟಿದರೆ ಸಾಮಾನ್ಯವಾಗಿ ಆ ಶುಲ್ಕ ಇಲ್ಲ.

ಇಲ್ಲಿ ನಾನು ಒಮ್ಮೆ ಸರಿಯಾಗಿ ಮುಗ್ಗರಿಸಿದ್ದೇನೆ. ಕಾರ್ಡ್ ಕೊರಿಯರ್‌ನಲ್ಲಿ ಬಂದಾಗ ನಾವು ಊರಿನಲ್ಲಿದ್ದೆವು. ಸೊಸೈಟಿಯ ವಾಚ್‌ಮನ್ ಅದನ್ನು ಜೋಪಾನವಾಗಿ ತನ್ನ ಡ್ರಾಯರ್‌ನಲ್ಲಿ ಇಟ್ಟಿದ್ದ, ಹನ್ನೊಂದು ದಿನ. ನಾನು ಲಕೋಟೆ ಒಡೆದ ದಿನದಿಂದ 30 ದಿನ ಎಣಿಸಿದೆ. ಬ್ಯಾಂಕ್ ಎಣಿಸಿದ್ದು ಕಾರ್ಡ್ ಮಂಜೂರಾದ ದಿನದಿಂದ. ಆದರೂ ಓಡಿ ಓಡಿ ಖರ್ಚು ತುಂಬಿಸಿದೆ ಎಂದುಕೊಂಡಿದ್ದೆ. ಅದರಲ್ಲಿ ಎರಡು ಸಲ ಹಾಕಿಸಿದ ಪೆಟ್ರೋಲ್ ಮತ್ತು ಕರೆಂಟ್ ಬಿಲ್ ಲೆಕ್ಕಕ್ಕೇ ಇಲ್ಲ. 640 ರೂಪಾಯಿ ಕಡಿಮೆ ಬಿತ್ತು, 1,000ದ ವೋಚರ್ ಹೋಯಿತು. ಅದಾದ ಮೇಲೆ ಕಾರ್ಡ್ ಬಂದ ಕೂಡಲೇ ಕಸ್ಟಮರ್ ಕೇರ್‌ಗೆ ಒಂದು ಇಮೇಲ್ ಬರೆಯುತ್ತೇನೆ: ಬೋನಸ್‌ನ ಕೊನೆಯ ದಿನಾಂಕ ಯಾವುದು, ಯಾವ ಖರ್ಚು ಲೆಕ್ಕಕ್ಕಿಲ್ಲ. ಉತ್ತರ ಬರಹದಲ್ಲಿ ಬರಬೇಕು, ಫೋನ್ ಮಾತು ಬೇಡ. ಮಿತಿಗಿಂತ ಎರಡು ಸಾವಿರ ಜಾಸ್ತಿಯೇ ಖರ್ಚು ಆಗುವಂತೆ ನೋಡಿಕೊಳ್ಳುತ್ತೇನೆ, ಯಾಕೆಂದರೆ ಒಂದು ಸಾಮಾನು ವಾಪಸ್ ಕಳಿಸಿದರೂ ಅದರ ಮೊತ್ತ ಲೆಕ್ಕದಿಂದ ಇಳಿಯುತ್ತದೆ.

ಗಂಡನಿಗೋ ಹೆಂಡತಿಗೋ ಆ್ಯಡ್-ಆನ್ ಕಾರ್ಡ್ ತೆಗೆದರೆ ಇಬ್ಬರ ಖರ್ಚೂ ಒಂದೇ ಲೆಕ್ಕಕ್ಕೆ ಸೇರುತ್ತದೆ. ಹಲವು ಕಾರ್ಡ್‌ಗಳಲ್ಲಿ ಇದಕ್ಕೆ ಬೇರೆ ಫೀ ಇಲ್ಲ.

ಬೋನಸ್ ಆಸೆಗೆ ತಿಂಗಳಿಗೊಂದು ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡುತ್ತದೆ, ಆ ಗುರುತು ಅಲ್ಲೇ ಉಳಿಯುತ್ತದೆ. ನಾನು ಎರಡು ಅರ್ಜಿಗಳ ನಡುವೆ ಆರು ತಿಂಗಳು ಬಿಡುತ್ತೇನೆ. ಮನೆ ಸಾಲಕ್ಕೆ ಹೋಗುವ ಯೋಚನೆ ಇದ್ದರೆ ಆ ವರ್ಷ ಹೊಸ ಕಾರ್ಡ್ ಸಹವಾಸವೇ ಬೇಡ. 1,000 ರೂಪಾಯಿ ವೋಚರ್‌ಗೋಸ್ಕರ ಇಪ್ಪತ್ತು ವರ್ಷದ ಸಾಲದ ಬಡ್ಡಿ ಕಾಲು ಪರ್ಸೆಂಟ್ ಏರಿದರೆ ಏನು ಗತಿ? ಆ ರಿಪೋರ್ಟ್‌ನಲ್ಲಿ ನಿಮಗೆ ಕೊಡುವ ಸ್ಕೋರ್ 300ರಿಂದ 900ರವರೆಗೆ, 750 ದಾಟಿದ್ದರೆ ಒಳ್ಳೆಯದು ಎನ್ನುತ್ತಾರೆ. ಈ ರಿಪೋರ್ಟ್ ತಯಾರಿಸುವ ನಾಲ್ಕು ಕ್ರೆಡಿಟ್ ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು, ತೆಗೆದು ನೋಡಿ.

ದಿನದ ಬಳಕೆ

ಸ್ಟೇಟ್‌ಮೆಂಟ್ ದಿನ ತಿಳಿದುಕೊಂಡರೆ ಬಡ್ಡಿ ಇಲ್ಲದೆ ಹಣ ಕಟ್ಟಲು ದಿನ ಜಾಸ್ತಿ ಸಿಗುತ್ತದೆ. ಪ್ರತಿ ತಿಂಗಳು 12ಕ್ಕೆ ಸ್ಟೇಟ್‌ಮೆಂಟ್ ಬರುವುದಾದರೆ, 13ನೇ ತಾರೀಖು ಕೊಂಡ ಫ್ರಿಜ್‌ನ ಹಣವನ್ನು ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬಂದು, ಅದಾಗಿ 18-20 ದಿನದ ಮೇಲೆ ಕಟ್ಟಿದರೆ ಸಾಕು. 11ಕ್ಕೆ ಕೊಂಡರೆ ಮೂರೇ ವಾರ. ಲಿಮಿಟ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿಲ್ ಆದರೆ ಸ್ಟೇಟ್‌ಮೆಂಟ್ ಬರುವ ಮೊದಲೇ ಸ್ವಲ್ಪ ಕಟ್ಟಿಬಿಡಿ, ಸ್ಕೋರ್‌ಗೆ ಒಳ್ಳೆಯದು.

ಹಬ್ಬದ ಸೇಲ್‌ನಲ್ಲಿ "ಈ ಬ್ಯಾಂಕ್ ಕಾರ್ಡ್‌ಗೆ 10% ರಿಯಾಯಿತಿ" ಬರುತ್ತದಲ್ಲ, ಅದು ಸಾಮಾನ್ಯವಾಗಿ ಆ ಖರೀದಿಗೆ ಸಿಗುವ ಪಾಯಿಂಟ್‌ಗಿಂತ ದೊಡ್ಡದು. ಅದಕ್ಕೂ ಮಿತಿ ಇರುತ್ತದೆ. 'ನೋ ಕಾಸ್ಟ್ ಇಎಂಐ' ಮಾತ್ರ ಹೆಸರಿನಷ್ಟು ಉಚಿತವಲ್ಲ. ಪ್ರೊಸೆಸಿಂಗ್ ಫೀ ಇರಬಹುದು, ಬಡ್ಡಿಯ ಭಾಗದ ಮೇಲೆ ಜಿಎಸ್‌ಟಿ ಬೀಳುತ್ತದೆ, ಪಾಯಿಂಟ್ ಸಾಮಾನ್ಯವಾಗಿ ಇಲ್ಲ.

ಏರ್‌ಪೋರ್ಟ್ ಲೌಂಜ್‌ನ ಆಸೆಗೆ ಕಾರ್ಡ್ ತೆಗೆಯುವವರು ಗಮನಿಸಿ, 2024ರಿಂದ ಹಲವು ಕಾರ್ಡ್‌ಗಳಲ್ಲಿ ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಒಳಗೆ ಬಿಡುತ್ತಾರೆ. ವರ್ಷಕ್ಕೆ ಒಂದು ಸಲ ಮಂಗಳೂರಿಗೆ ಹಾರುವವರಿಗೆ ಅಲ್ಲಿನ ಉಪ್ಪಿಟ್ಟು ಅಷ್ಟೆಲ್ಲ ಬೆಲೆಯದ್ದಲ್ಲ.

ಸ್ನೇಹಿತರ ಖರೀದಿಯನ್ನೆಲ್ಲ ನಿಮ್ಮ ಕಾರ್ಡ್‌ನಲ್ಲಿ ಮಾಡಿಕೊಟ್ಟು ಪಾಯಿಂಟ್ ಗಳಿಸುವವರೂ ಇದ್ದಾರೆ. ಒಂದು ವರ್ಷದಲ್ಲಿ ಕಾರ್ಡ್ ಬಿಲ್ಲಿಗೆ ಕಟ್ಟಿದ್ದು 10 ಲಕ್ಷ ಮುಟ್ಟಿದರೆ, ನಗದಿನಲ್ಲಾದರೆ 1 ಲಕ್ಷ ಮುಟ್ಟಿದರೂ, ಬ್ಯಾಂಕ್ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಮೂವತ್ತು ಸಾವಿರ ಸಂಬಳದವರು ಹತ್ತು ಲಕ್ಷದ ಲೆಕ್ಕ ಹೇಳುವುದು ಕಷ್ಟ.

ಪಾಯಿಂಟ್ ಕೂಡಿಡಬೇಡಿ

ಪಾಯಿಂಟ್ ಚಿನ್ನ ಅಲ್ಲ, ಇಟ್ಟಷ್ಟೂ ಸವೆಯುತ್ತದೆ. ಅವಧಿ ಮುಗಿಯುತ್ತದೆ, ಬ್ಯಾಂಕ್ ಬೆಲೆ ಇಳಿಸುತ್ತದೆ, ಕೆಲವೊಮ್ಮೆ ಕಂಪನಿಯೇ ಇರುವುದಿಲ್ಲ. ಜೆಟ್ ಏರ್‌ವೇಸ್ ಮುಂಬೈಯದ್ದೇ ಕಂಪನಿ, 2019ರ ಏಪ್ರಿಲ್ 17ಕ್ಕೆ ಹಾರಾಟ ನಿಲ್ಲಿಸಿತು. ಅದರ ಮೈಲ್‌ಗಳು, ಅಂದರೆ ವಿಮಾನ ಕಂಪನಿಯ ಪಾಯಿಂಟ್‌ಗಳು, ಆಮೇಲೆ ಬೇರೆ ಹೆಸರಿನಲ್ಲಿ ಉಳಿದವು ನಿಜ, ಆದರೆ ಯಾವ ವಿಮಾನಕ್ಕೆಂದು ಕೂಡಿಟ್ಟಿದ್ದರೋ ಆ ವಿಮಾನವೇ ಇರಲಿಲ್ಲ. 2024ರ ನವೆಂಬರ್‌ನಲ್ಲಿ ವಿಸ್ತಾರ ಎಂಬ ವಿಮಾನ ಕಂಪನಿ ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಅದರ ಹೆಸರಿನ ಕಾರ್ಡ್‌ಗಳ ಕಥೆಯೂ ಬದಲಾಯಿತು.

ಹಾಗೆಂದು ಪ್ರತಿ ತಿಂಗಳು ಬಿಡಿಸಿಕೊಳ್ಳುವುದೂ ತಪ್ಪು. ಒಂದು ಸಲಕ್ಕೆ 99 ಮತ್ತು ಜಿಎಸ್‌ಟಿ ಸೇರಿ 117 ರೂಪಾಯಿ ಹೋಗುವುದಾದರೆ, 250 ರೂಪಾಯಿಯ ಪಾಯಿಂಟ್ ಬಿಡಿಸಿ ಏನು ಸುಖ? ವರ್ಷಕ್ಕೊಮ್ಮೆ ಒಟ್ಟಿಗೆ ಬಿಡಿಸಿ. ಪಾಯಿಂಟ್ ಕ್ಯಾಟಲಾಗಿನ ಬಾಣಲೆ, ಬ್ಯಾಗ್, ಗಡಿಯಾರ ಕಡೆ ನೋಡಬೇಡಿ, ಅದೇ ಸಾಮಾನು ಹೊರಗೆ ಕಡಿಮೆಗೆ ಸಿಗುತ್ತದೆ. ವೋಚರ್ ಅಥವಾ ಬಿಲ್ಲಿಗೆ ಜಮಾ, ಇವೆರಡರಲ್ಲಿ ಯಾವುದಕ್ಕೆ ಪೈಸೆ ಜಾಸ್ತಿಯೋ ಅದು. ಶುರುವಿನಿಂದಲೇ ನೇರ ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡ್ ಇದ್ದರೆ ಈ ತಲೆನೋವೇ ಇಲ್ಲ, ಅದಕ್ಕೇ ನಾನು ಎಲ್ಲರಿಗೂ ಮೊದಲು ಅದನ್ನೇ ಹೇಳುವುದು.

"ನಿಮ್ಮ 8,000 ಪಾಯಿಂಟ್ ಇವತ್ತು ರಾತ್ರಿ ಮುಗಿಯುತ್ತದೆ, ಈ ಲಿಂಕ್ ಒತ್ತಿ" ಎಂದು ಮೆಸೇಜ್ ಬಂದರೆ ಒತ್ತಬೇಡಿ. ಬ್ಯಾಂಕಿನ ಆ್ಯಪ್ ತೆರೆದು ಅಲ್ಲೇ ನೋಡಿ. ಪಾಯಿಂಟ್ ಕೊಡಲು ಯಾರಿಗೂ ಓಟಿಪಿ ಬೇಕಾಗುವುದಿಲ್ಲ. ಹಣ ಹೋಗಿಯೇಬಿಟ್ಟರೆ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ, 1930ಕ್ಕೆ ಕರೆ ಮಾಡಿ, ತಡ ಮಾಡಬೇಡಿ.

ಫೀ ಬರುವ ತಿಂಗಳು

ಕಾರ್ಡ್ ಕೊಟ್ಟ ತಿಂಗಳನ್ನು ಫೋನಿನಲ್ಲಿ ಗುರುತು ಹಾಕಿ, ಅದಕ್ಕೆ ಒಂದು ತಿಂಗಳು ಮೊದಲು ಅಲಾರಂ ಇಡಿ. ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಫೀ ಮನ್ನಾ ಎಂಬ ಷರತ್ತು ಹಲವು ಕಾರ್ಡ್‌ಗಳಲ್ಲಿ ಇದೆ. ಆ ವರ್ಷ ಕಾರ್ಡ್ ಸಿಕ್ಕ ದಿನದಿಂದ ಶುರುವಾಗುತ್ತದೆ, ಜನವರಿಯಿಂದ ಅಲ್ಲ. ಮಿತಿಗೆ ಸ್ವಲ್ಪ ಕಡಿಮೆ ಇದ್ದರೆ ಮುಂದಿನ ತಿಂಗಳ ಕಿರಾಣಿ ಈಗಲೇ ತಂದರಾಯಿತು. ತುಂಬಾ ಕಡಿಮೆ ಇದ್ದರೆ ಫೋನ್ ಮಾಡಿ, ಕಾರ್ಡ್ ಮುಚ್ಚುತ್ತೇನೆ, ಫೀ ಬಿಡ್ತೀರಾ ಎಂದು ಕೇಳಿ. ನನಗೆ ಎರಡು ಸಲ ಬಿಟ್ಟಿದ್ದಾರೆ, ಒಂದು ಸಲ ಇಲ್ಲ ಅಂದಿದ್ದಾರೆ.

ಮುಚ್ಚುವುದೇ ಆದರೆ ಮೊದಲು ಪಾಯಿಂಟ್ ಬಿಡಿಸಿಕೊಳ್ಳಿ, ಬಾಕಿ ಪೂರ್ತಿ ಕಟ್ಟಿ, ಆ ಕಾರ್ಡ್‌ಗೆ ಜೋಡಿಸಿದ ಮೊಬೈಲ್, ಓಟಿಟಿ ಪಾವತಿಗಳನ್ನು ಬಿಡಿಸಿ. ಆಮೇಲೆ ಇಮೇಲ್‌ನಲ್ಲಿ ಅರ್ಜಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು. ಇಮೇಲ್‌ನಲ್ಲಿ ಈ ಒಂದು ಸಾಲು ಬರೆದರೆ ಕೆಲಸ ಬೇಗ ಆಗುತ್ತದೆ ಎಂಬುದು ನನ್ನ ಅನುಭವ. ತುಂಬಾ ಹಳೆಯ, ಫೀ ಇಲ್ಲದ ಕಾರ್ಡ್ ಇದ್ದರೆ ಅದನ್ನು ಮಾತ್ರ ಮುಚ್ಚಬೇಡಿ, ನಿಮ್ಮ ಸ್ಕೋರ್‌ಗೆ ಅದರ ವಯಸ್ಸು ಬೇಕು. ಆದರೆ ಒಂದು ವರ್ಷಕ್ಕಿಂತ ಜಾಸ್ತಿ ಮುಟ್ಟದೆ ಇಟ್ಟರೆ ಬ್ಯಾಂಕೇ ತಿಳಿಸಿ ಮುಚ್ಚಬಹುದು, ಆಗಾಗ ಒಂದು ರೀಚಾರ್ಜ್ ಆದರೂ ಮಾಡುತ್ತಿರಿ.

ಭಾವನ ಕಾರ್ಡನ್ನು ನಾವು ಹನ್ನೊಂದನೇ ತಿಂಗಳಲ್ಲಿ ಮುಚ್ಚಿಸಿದೆವು. ಎರಡು ತಿಂಗಳ ಮೇಲೆ ಕ್ರೆಡಿಟ್ ರಿಪೋರ್ಟ್ ತೆಗೆದಾಗ ಖಾತೆ ಮುಚ್ಚಿದೆ ಎಂದೇ ಬಂದಿತ್ತು. ಮಿಕ್ಸಿಯನ್ನು ಅಕ್ಕ ದಾದರ್‌ಗೆ ಹೋಗಿ, ಅರ್ಧ ಗಂಟೆ ಚೌಕಾಸಿ ಮಾಡಿ, ನಗದು ಕೊಟ್ಟೇ ತಂದಳು.